ಅಜ್ಜನ ಕೆಮ್ಮು, ಮೊಮ್ಮಗಳ ತೂಕ

3 ವರ್ಷದ ಹುಡುಗಿ, ತೂಕ 9 ಕೆಜಿ ಚಿಲ್ಲರೆ. ನಾಲ್ಕು ತಿಂಗಳಿಂದ ತೂಕ ನಿಂತಲ್ಲೇ ನಿಂತಿದೆ ಅಂತ ಅಂಗನವಾಡಿ ಟೀಚರ್ ಗಮನಿಸಿ ನಮ್ಮ ತಾಲೂಕು ಆಸ್ಪತ್ರೆಯ ಎನ್‌ಆರ್‌ಸಿಗೆ, ಅದೇ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ, ಕಳಿಸಿದ್ರು. 14 ದಿನ ತಾಯಿ ಮಗು ಇಬ್ರೂ ಅಲ್ಲೇ ಇದ್ರು, ಹಾಲು ಮೊಟ್ಟೆ ಗಂಜಿ ಎಲ್ಲ ಕೊಟ್ವಿ, ತೂಕ ಏರಿದ್ದು ಲೆಕ್ಕಕ್ಕೇ ಇಲ್ಲ. ಅದಕ್ಕೂ ಮುಂಚೆ ಹೊರಗಡೆ ಎರಡು ಸಲ ಆಂಟಿಬಯಾಟಿಕ್ ಕೋರ್ಸ್ ಆಗಿತ್ತು, ಕೆಮ್ಮು ಕಮ್ಮಿ ಆಗುತ್ತೆ ಮತ್ತೆ ಬರುತ್ತೆ, ಸಂಜೆ ಆದ್ರೆ ಮೈ ಬಿಸಿ ಅಂತ ತಾಯಿ ಹೇಳ್ತಾನೇ ಇದ್ಲು. ಡಿಸ್ಚಾರ್ಜ್ ಬರೆಯೋ ಹೊತ್ತಿಗೆ ಕೇಳ್ದೆ, ಮಗು ರಾತ್ರಿ ಯಾರ ಹತ್ರ ಮಲಗುತ್ತೆ? ಅಜ್ಜನ ಹತ್ರ ಡಾಕ್ಟ್ರೇ. ಅಜ್ಜ ಹೇಗಿದ್ದಾರೆ? ಅವ್ರಿಗೆ ಭಾಳ ಕೆಮ್ಮಿತ್ತು, ಮೂರು ತಿಂಗಳಿಂದ ಇಲ್ಲೇ ಗುಳಿಗೆ ತಗೋತಿದ್ದಾರೆ, ಈಗ ಪರವಾಗಿಲ್ಲ.

ಇಲ್ಲೇ ಅಂದ್ರೆ ನಮ್ಮದೇ ಆಸ್ಪತ್ರೆಯ ಟಿಬಿ ರೂಮಲ್ಲಿ. ಎನ್‌ಆರ್‌ಸಿ ಬಾಗಿಲಿಂದ ಅಲ್ಲಿಗೆ ಮೂವತ್ತು ಹೆಜ್ಜೆ ಇರಬಹುದು. ಅಜ್ಜನ ಹೆಸರು ಟಿಬಿ ರೋಗಿಗಳನ್ನ ದಾಖಲಿಸೋ ಸರ್ಕಾರದ ನಿಕ್ಷಯ್ ಪೋರ್ಟಲ್‌ನಲ್ಲಿ ಇತ್ತು, ಮೊಮ್ಮಗಳ ಹೆಸರು ಎನ್‌ಆರ್‌ಸಿ ರಿಜಿಸ್ಟರಲ್ಲಿ ಇತ್ತು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದವರು ಯಾರೂ ಇರಲಿಲ್ಲ, ನಾನೂ ಇರಲಿಲ್ಲ. ಮಗುವಿಗೂ ಟಿಬಿಯೇ ಆಗಿತ್ತು. ಅಜ್ಜನಿಗೆ ಟಿಬಿ ಅಂತ ಗೊತ್ತಾದ ದಿನವೇ ಆ ಮಗುವನ್ನ ನೋಡಬೇಕಿತ್ತು, ಅವತ್ತು ಬಹುಶಃ ಕಾಯಿಲೆ ಬರೋ ಮುಂಚೆ ಕೊಡೋ ಬರೀ ತಡೆ ಔಷಧ ಸಾಕಾಗ್ತಿತ್ತು. ಆ ಮೂರು ತಿಂಗಳು ನನಗೆ ಇವತ್ತಿಗೂ ಚುಚ್ಚುತ್ತೆ.

ಟಿಬಿ ಅಂದ ತಕ್ಷಣ ಜನ ದೊಡ್ಡವರ ಕಾಯಿಲೆ ಅಂತಾರೆ, ಆದ್ರೆ ಸಣ್ಣ ಮಗುವಿಗೆ ಟಿಬಿ ಬಂದಿದೆ ಅಂದ್ರೆ ಹೆಚ್ಚಿನ ಸಲ ಹತ್ತಿರದಲ್ಲೇ, ಮನೆಯೊಳಗೋ ಪಕ್ಕದ ಮನೇಲೋ ಟ್ಯೂಷನ್‌ಗೆ ಹೋಗೋ ಮನೇಲೋ, ಕಫದಲ್ಲಿ ಟಿಬಿ ಇರೋ ಒಬ್ಬ ದೊಡ್ಡವರು ಇದ್ದಾರೆ ಅಂತ ಅರ್ಥ, ಅವರಿಗೇ ಇನ್ನೂ ಗೊತ್ತಿರೋದಿಲ್ಲ ಅಷ್ಟೇ. ಸೋಂಕು ತಗುಲಿದ ದೊಡ್ಡವರಲ್ಲಿ ಹತ್ತರಲ್ಲಿ ಒಂಬತ್ತು ಜನಕ್ಕೆ ಕಾಯಿಲೆ ಬರೋದೇ ಇಲ್ಲ. ಒಂದು ವರ್ಷದೊಳಗಿನ ಕೂಸಿಗೆ ಮಾತ್ರ ಆ ಲೆಕ್ಕ ನಡೆಯಲ್ಲ, ತಡೆ ಔಷಧ ಸಿಗದಿದ್ರೆ ಹೆಚ್ಚುಕಡಿಮೆ ಅರ್ಧದಷ್ಟು ಕೂಸುಗಳಿಗೆ ಕಾಯಿಲೆ ಆಗುತ್ತೆ, ಅದೂ ತಿಂಗಳುಗಳಲ್ಲಿ, ಕೆಲವು ಸಲ ನೇರ ಮೆದುಳಿನ ಪೊರೆಗೆ ಹೋಗುತ್ತೆ. ಹುಟ್ಟಿದಾಗ ಹಾಕೋ ಬಿಸಿಜಿ ಲಸಿಕೆ ಮೆದುಳಿನ ಟಿಬಿ, ಮೈಯೆಲ್ಲ ಹರಡೋ ಟಿಬಿ ಇವನ್ನ ಬಹಳ ಮಟ್ಟಿಗೆ ತಡೆಯುತ್ತೆ, ಹಾಕಿಸಲೇಬೇಕು, ಆದ್ರೆ ತೋಳಲ್ಲಿ ಗುರುತಿದೆ ಅಂತ ಟಿಬಿ ಇರಲ್ಲ ಅಂದ್ಕೋಬಾರದು.

ಹಾಗಾದ್ರೆ ಕಫ ಟೆಸ್ಟ್ ಮಾಡಿದ್ರೆ ಆಯ್ತಲ್ಲ ಅಂತೀರಾ? ಮಗು ಕಫ ಉಗುಳಲ್ಲ, ನುಂಗುತ್ತೆ. ದೊಡ್ಡವರ ಶ್ವಾಸಕೋಶದಲ್ಲಿ ಗೂಡು ಬಿದ್ದು ಬ್ಯಾಕ್ಟೀರಿಯಾ ಕೋಟಿಗಟ್ಟಲೆ ಇರ್ತವೆ, ಮಕ್ಕಳಲ್ಲಿ ಅವು ತೀರಾ ಕಮ್ಮಿ, ಸ್ಯಾಂಪಲ್ ಸಿಕ್ಕಿದ್ರೂ ಎಷ್ಟೋ ಸಲ ನೆಗೆಟಿವ್ ಬರುತ್ತೆ. ಬೆಳಿಗ್ಗೆ ಖಾಲಿ ಹೊಟ್ಟೇಲಿ ಮೂಗಿಂದ ಟ್ಯೂಬ್ ಹಾಕಿ ಹೊಟ್ಟೆಯ ದ್ರವ ತೆಗೆದು, ಟಿಬಿ ಬ್ಯಾಕ್ಟೀರಿಯಾ ಹುಡುಕೋ ಮಷೀನ್ ಟೆಸ್ಟುಗಳಾದ ಟ್ರೂನ್ಯಾಟ್‌ಗೋ ಸಿಬಿನ್ಯಾಟ್‌ಗೋ ಕಳಿಸ್ತೀವಿ, ಮಲದ ಸ್ಯಾಂಪಲ್ ಮೇಲೂ ಸಿಬಿನ್ಯಾಟ್ ಮಾಡಬಹುದು ಅಂತ ಡಬ್ಲ್ಯೂಎಚ್‌ಒ ಹೇಳಿದೆ, ಟ್ಯೂಬ್ ನೋಡಿ ಅಳೋ ಮಕ್ಕಳಿಗೆ ಅದೊಂದು ದೊಡ್ಡ ಸಮಾಧಾನ. ಇವೆಲ್ಲ ನೆಗೆಟಿವ್ ಬಂದ್ರೂ ಎಕ್ಸ್‌ರೇ, ಚರ್ಮದ ಮೇಲೆ ಮಾಡೋ ಮ್ಯಾಂಟೂ ಟೆಸ್ಟ್, ಎರಡು ವಾರ ದಾಟಿದ ಜ್ವರ ಅಥವಾ ಕೆಮ್ಮು, ಇಳಿದ ಇಲ್ಲವೇ ನಿಂತ ತೂಕ, ಮನೇಲಿ ಟಿಬಿ ಇರೋರು, ಇಷ್ಟನ್ನ ಕೂಡಿಸಿ ಡಾಕ್ಟರ್ ತೀರ್ಮಾನ ತಗೋಬೇಕು. ಅಂದ್ರೆ ಮಗುವಿನ ಟಿಬಿ ಕಂಡುಹಿಡಿಯೋದರಲ್ಲಿ ಮಷೀನ್‌ಗಿಂತ ಮಾಹಿತಿ ದೊಡ್ಡದು, ಆ ಮಾಹಿತಿ ಹಂಚಿಹೋಗಿದೆ: ತೂಕ ಅಂಗನವಾಡಿಯಲ್ಲಿ, ಕೆಮ್ಮಿನ ಕಥೆ ಆಶಾ ಹತ್ರ, ಮನೆಯ ಟಿಬಿ ರೋಗಿ ಟಿಬಿ ಸೂಪರ್‌ವೈಸರ್ ಹತ್ರ, ಎಕ್ಸ್‌ರೇ ನನ್ನ ಟೇಬಲ್ ಮೇಲೆ. ಜಗತ್ತಿನ ಟಿಬಿ ರೋಗಿಗಳಲ್ಲಿ 15 ವರ್ಷದೊಳಗಿನವರು ನೂರಕ್ಕೆ 11-12 ಅಂತ ಅಂದಾಜು, ನಮ್ಮ ದೇಶದಲ್ಲಿ ದಾಖಲಾಗೋದು ನೂರಕ್ಕೆ 5-6ರ ಆಸುಪಾಸು. ಮಿಕ್ಕ ಮಕ್ಕಳು ಹೀಗೇ ರಿಜಿಸ್ಟರುಗಳ ನಡುವೆ ಬಿದ್ದುಹೋಗ್ತಿದ್ದಾರೆ ಅನ್ನೋದು ನನ್ನ ಅನುಭವ.

ಇನ್ನೊಂದು ವಿಷ್ಯ ಹೇಳ್ಲೇಬೇಕು, "ಪ್ರೈಮರಿ ಕಾಂಪ್ಲೆಕ್ಸ್". ಎಷ್ಟೋ ತಂದೆತಾಯಿ ಬಂದು, ಮಗೂಗೆ ಪ್ರೈಮರಿ ಕಾಂಪ್ಲೆಕ್ಸ್ ಇದೆ ಅಂದಿದ್ದಾರೆ, ಟಿಬಿ ಅಲ್ಲವಂತೆ ಅಂತಾರೆ. ಅದು ಟಿಬಿಯೇ. ತಾಯಿ ಹೆದರಬಾರದು, ಊರಲ್ಲಿ ಹೆಸರು ಕೆಡಬಾರದು ಅಂತ ಡಾಕ್ಟರ್ ಆ ಹೆಸರು ಹೇಳಿರ್ತಾರೆ, ಉದ್ದೇಶ ಕೆಟ್ಟದಲ್ಲ, ಆದ್ರೆ ಟಿಬಿ ಅನ್ನೋ ಮಾತೇ ಬರದಿದ್ರೆ ಮನೇಲಿ ಯಾರೂ ಕಫ ಟೆಸ್ಟ್ ಮಾಡಿಸಲ್ಲ, ಗುಳಿಗೆ ಎರಡು ತಿಂಗಳಿಗೇ ನಿಲ್ಲಿಸ್ತಾರೆ, ಕೇಸ್ ನೋಟಿಫೈ ಕೂಡ ಆಗಲ್ಲ. ಪ್ರೈವೇಟ್ ಆಗಲಿ ಸರ್ಕಾರಿ ಆಗಲಿ ಪ್ರತಿ ಟಿಬಿ ಕೇಸನ್ನ ಸರ್ಕಾರಕ್ಕೆ ತಿಳಿಸಬೇಕು, ಅದೇ ನೋಟಿಫೈ, ಅನ್ನೋದು 2012ರಿಂದ ಕಡ್ಡಾಯ. ನೋಟಿಫೈ ಆದ್ರೆ ಪ್ರೈವೇಟ್ ಡಾಕ್ಟರ್ ಹತ್ರ ತೋರಿಸ್ಕೊಳ್ಳೋ ಮಗುವಿಗೂ ಪೌಷ್ಟಿಕ ಆಹಾರಕ್ಕೆ ಅಂತ ಸರ್ಕಾರ ಕೊಡೋ ನಿಕ್ಷಯ್ ಪೋಷಣ್ ದುಡ್ಡು ಬರುತ್ತೆ, 2018ರಲ್ಲಿ ತಿಂಗಳಿಗೆ 500 ಇದ್ದದ್ದು ನವೆಂಬರ್ 2024ರಿಂದ 1000 ಆಗಿದೆ.

ಆ ಹುಡುಗಿ ಆದಮೇಲೆ ನಾವು ಮಾಡಿದ್ದು ದೊಡ್ಡ ಯೋಜನೆ ಏನಲ್ಲ. ಶನಿವಾರ ಮಧ್ಯಾಹ್ನ ಅರ್ಧ ಗಂಟೆ, ಟಿಬಿ ಸೂಪರ್‌ವೈಸರ್, ಎನ್‌ಆರ್‌ಸಿ ಡಯಟ್ ಕೌನ್ಸೆಲರ್, ಅಂಗನವಾಡಿ, ಶಾಲೆ ಮಕ್ಕಳನ್ನ ತಪಾಸಣೆ ಮಾಡೋ ಆರ್‌ಬಿಎಸ್‌ಕೆ ತಂಡದ ಡಾಕ್ಟರ್ ಮತ್ತೆ ನಾನು ಒಂದೇ ಟೇಬಲ್‌ಗೆ ಕೂತ್ಕೋತೀವಿ. ಆ ವಾರ ಯಾವ ಮನೇಲಿ ಹೊಸ ಟಿಬಿ ಸಿಕ್ಕಿದೆ, ಆ ಮನೇಲಿ ಮಕ್ಕಳೆಷ್ಟು, ಯಾವ ಅಂಗನವಾಡಿ, ಯಾವ ಸ್ಕೂಲ್, ತೂಕ ಎಷ್ಟು. ಉಲ್ಟಾ ಕಡೆಯಿಂದಾನೂ ನೋಡ್ತೀವಿ, ಯಾವ ಮಗುವಿನ ತೂಕ ಏರ್ತಿಲ್ಲ, ಆ ಮನೇಲಿ ಕೆಮ್ಮೋರು ಯಾರು. ಆರ್‌ಬಿಎಸ್‌ಕೆ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಹೋಗುತ್ತೆ, ಮಿಕ್ಕ ದಿನ ಊರಲ್ಲಿ ಕಣ್ಣಿಡೋರು ಟೀಚರ್ ಮತ್ತೆ ಆಶಾ. ಟೀಚರ್ ವಾಟ್ಸಾಪಲ್ಲಿ ತೂಕದ ಕಾರ್ಡ್ ಫೋಟೋ ಕಳಿಸಿದ್ರೆ ನನಗೆ ಅದು ಎಕ್ಸ್‌ರೇಯಷ್ಟೇ ಬೆಲೆಯದ್ದು.

ಟ್ರೀಟ್‌ಮೆಂಟಲ್ಲೂ ಆ ತೂಕದ ಮೆಷೀನೇ ಬೇಕು. ಮಕ್ಕಳ ಟಿಬಿ ಗುಳಿಗೆ ಈಗ ನೀರಲ್ಲಿ ಕರಗೋದು, ಮೊದಲಿನ ಹಾಗೆ ದೊಡ್ಡವರ ಮಾತ್ರೆ ಮುರಿದು ಪುಡಿ ಮಾಡಿ ಅಂದಾಜಲ್ಲಿ ಕೊಡೋ ಕಷ್ಟ ಇಲ್ಲ. 4ರಿಂದ 7 ಕೆಜಿಗೆ ಒಂದು, 8ರಿಂದ 11ಕ್ಕೆ ಎರಡು, 12ರಿಂದ 15ಕ್ಕೆ ಮೂರು ಹೀಗೆ ಹೋಗುತ್ತೆ. ಔಷಧ ಹಿಡಿದ ಮಗು ಹೊಟ್ಟೆ ತುಂಬ ಉಣ್ಣುತ್ತೆ, ಎರಡು ತಿಂಗಳಲ್ಲಿ 11ರಿಂದ 12 ದಾಟುತ್ತೆ, ಯಾರೂ ತೂಕ ನೋಡದಿದ್ರೆ ಹಳೇ ಡೋಸ್ ಮೇಲೇ ಉಳಿದುಬಿಡುತ್ತೆ.

ತಡೆ ಔಷಧ ಕೊಡೋದು ಇದಕ್ಕಿಂತ ಕಷ್ಟ. ಆಡ್ಕೊಂಡಿರೋ ಮಗುಗೆ ಆರು ತಿಂಗಳು ಗುಳಿಗೆ ಯಾಕೆ ಅಂತ ಅಪ್ಪ ಕೇಳೋದು ಸಹಜ. ನಾನು ವಾದ ಮಾಡೋಕೆ ಹೋಗಲ್ಲ, ಮಗುಗೆ ಟಿಬಿ ಇಲ್ಲ ಅಂತ ಮೊದಲು ಚೆಕ್ ಮಾಡಿ ತೋರಿಸ್ತೀನಿ, ಆಮೇಲೆ ಟಿಬಿಯಿಂದ ಗುಣ ಆಗ್ತಿರೋ ಅಜ್ಜನೋ ಅಮ್ಮನೋ ಅವರ ಕೈಯಲ್ಲೇ ಹೇಳಿಸ್ತೀನಿ, ಅವರ ಮಾತು ನಡೆಯುತ್ತೆ.

ಊಟದ ಮಾತು ಬಂದ್ರೆ ನಮ್ಮ ಮಂಗಳೂರಿನ ಯೆನೆಪೋಯ ಮೆಡಿಕಲ್ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತವರ ತಂಡ ಜಾರ್ಖಂಡ್‌ನಲ್ಲಿ ಮಾಡಿದ ರೇಷನ್ಸ್ ಅಧ್ಯಯನ ನೆನಪಾಗುತ್ತೆ. ರೋಗಿಯ ಮನೆಯವರಿಗೂ ಅಕ್ಕಿ ಬೇಳೆ ಕೊಟ್ಟಾಗ ಅವರಲ್ಲಿ ಹೊಸ ಟಿಬಿ ಸುಮಾರು ಶೇಕಡ 40ರಷ್ಟು ಕಮ್ಮಿ ಆಯ್ತು, 2023ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ರೋಗಿಗೆ ಅಂತ ಕೊಟ್ಟ ಮೊಟ್ಟೆ ಮೊದಲು ಹೋಗೋದು ಮನೆಯ ಮಗುವಿನ ತಟ್ಟೆಗೆ, ಹೋಗ್ಲಿ, ಆದ್ರೆ ಕಿಟ್ ಇಡೀ ಮನೆಗೆ ಸಾಲೋ ಹಾಗಿರಬೇಕು.

ಹದಿಹರೆಯದವರ ಕಥೆ ಬೇರೆ. ಅವರಿಗೆ ಬರೋದು ದೊಡ್ಡವರ ಥರದ ಟಿಬಿ, ಕಫದಲ್ಲಿ ಪಾಸಿಟಿವ್, ಕ್ಲಾಸಲ್ಲಿ ಹಾಸ್ಟೆಲಲ್ಲಿ ಹರಡುತ್ತೆ. ಆದ್ರೆ 16 ವರ್ಷದವಳು ಮಕ್ಕಳ ಡಾಕ್ಟರ್‌ಗೂ ಸೇರಲ್ಲ ಫಿಸಿಷಿಯನ್‌ಗೂ ಸೇರಲ್ಲ, ಆರ್‌ಬಿಎಸ್‌ಕೆ ವ್ಯಾನ್ ಪ್ರೈವೇಟ್ ಕಾಲೇಜಿಗೆ ಹೋಗಲ್ಲ. ಪಿಯುಸಿ ಓದೋ ಒಬ್ಬ ಹುಡುಗಿ ಒಂದು ತಿಂಗಳಿಗೇ ಗುಳಿಗೆ ಬಿಟ್ಟಿದ್ಲು, ಅಮ್ಮನ ಎದುರು ಎಷ್ಟು ಕೇಳಿದ್ರೂ ಬಾಯಿ ಬಿಡ್ಲಿಲ್ಲ. ಹದಿಹರೆಯದವರಿಗೆ ಅಂತ ಇರೋ ಸ್ನೇಹ ಕ್ಲಿನಿಕ್‌ನ ಕೌನ್ಸೆಲರ್ ಅವಳೊಬ್ಬಳನ್ನೇ ಕೂರಿಸಿ ಕೇಳಿದಾಗ ಹೇಳಿದ್ಲು, ಮೂತ್ರ ಕಿತ್ತಳೆ ಬಣ್ಣ ಬರುತ್ತೆ, ಹಾಸ್ಟೆಲ್ ಹುಡುಗೀರು ನೋಡಿಬಿಟ್ರೆ ಅಂತ ಭಯ, ಮದುವೆ ಆಗಲ್ಲ ಅಂತ ಚಿಕ್ಕಮ್ಮ ಅಂದಿದ್ದು ಬೇರೆ. ಆ ಬಣ್ಣ ಗುಳಿಗೆಯಲ್ಲಿರೋ ರಿಫಾಂಪಿಸಿನ್‌ದು, ಏನೂ ತೊಂದ್ರೆ ಇಲ್ಲ ಅಂತ ನಾವು ಮೊದಲನೇ ದಿನವೇ ಹೇಳಬೇಕಿತ್ತು. ಸರಿಯಾದ ಔಷಧ ಶುರುವಾಗಿ ಸಾಮಾನ್ಯವಾಗಿ ಎರಡು ವಾರಕ್ಕೆ ಕಾಲೇಜಿಗೆ ಹೋಗಬಹುದು ಅಂತಾನೂ ಅವಳಿಗೆ ಯಾರೂ ಹೇಳಿರಲಿಲ್ಲ, ಎಕ್ಸಾಮ್ ಹೋಯ್ತು ಅಂತ ಕೂತಿದ್ಲು. ಈಗ ಈ ವಯಸ್ಸಿನವರನ್ನ ಮೊದಲ ದಿನವೇ ಸ್ನೇಹ ಕ್ಲಿನಿಕ್‌ಗೂ ಕಳಿಸ್ತೀವಿ, ಕೌನ್ಸೆಲರ್ ನಂಬರ್ ಅವರ ಫೋನಲ್ಲೇ ಸೇವ್ ಮಾಡಿಸ್ತೀವಿ, ಅಪ್ಪಂದಲ್ಲಿ ಅಲ್ಲ.

ಆ 3 ವರ್ಷದ ಹುಡುಗಿ ಗುಳಿಗೆ ಮುಗಿಸಿದ್ಲು, ಕೊನೇ ಸಲ ಬಂದಾಗ 12 ಕೆಜಿ ದಾಟಿದ್ಲು, ಅಜ್ಜನೇ ಎತ್ಕೊಂಡು ಬಂದಿದ್ರು. ಅವಳಿಗೊಬ್ಬ ತಮ್ಮ ಇದ್ದಾನೆ, ಏಳು ತಿಂಗಳ ಕೂಸಿದ್ದಾಗ ತಡೆ ಔಷಧ ಶುರು ಮಾಡಿದ್ವಿ. ಅವನ ಕೊನೇ ಸ್ಟ್ರಿಪ್ ಗುಳಿಗೆ ಒಯ್ಯೋಕೆ ಮನೆಯವರು ಬರಲಿಲ್ಲ, ಸುಗ್ಗಿ ಇತ್ತು, ಆಶಾ ಹೊಲಕ್ಕೇ ಹೋಗಿ ಕೊಟ್ಟು ಬಂದ್ಲು.