ಜರ್ಮನ್ ಬಿ1 ಕೇಳುವ ಪರೀಕ್ಷೆ: ವಾಕ್ಯದ ಬಾಲ ಬರುವವರೆಗೆ ಕಾಯಿರಿ

ಗಯಟೆ ಸಂಸ್ಥೆ ನಡೆಸುವ ಜರ್ಮನ್ ಭಾಷೆಯ ಮಧ್ಯಮ ಮಟ್ಟದ ಪರೀಕ್ಷೆಯಾದ ಬಿ1ರ ಹ್ಯೋರೆನ್, ಅಂದರೆ ಕೇಳುವ ಭಾಗಕ್ಕೆ ಓದುತ್ತಿರುವವರಿಗೆ ಈ ಟಿಪ್ಪಣಿ. ನನ್ನ ಮೊದಲ ಮಾದರಿ ಪರೀಕ್ಷೆಯಲ್ಲಿ 30ಕ್ಕೆ 16 ಸರಿ ಬಂದವು. ಪಾಸಾಗಲು 100ಕ್ಕೆ 60 ಅಂಕ ಬೇಕು, ಅಂದರೆ 18 ಸರಿ ಇರಬೇಕು. ತಪ್ಪಾದವನ್ನು ಮತ್ತೆ ಕೇಳಿ ನೋಡಿದೆ. ಗೊತ್ತಿಲ್ಲದ ಪದ ಇದ್ದದ್ದು ಕಡಿಮೆ. ಗೊತ್ತಿದ್ದ ಪದವನ್ನೇ ಅವಸರದಲ್ಲಿ ತಪ್ಪಾಗಿ ತಿಳಿದುಕೊಂಡಿದ್ದು ಜಾಸ್ತಿ.

ಒಟ್ಟು ನಾಲ್ಕು ಭಾಗ, ಸುಮಾರು 40 ನಿಮಿಷ. ಒಂದನೆಯದು ಮತ್ತು ನಾಲ್ಕನೆಯದನ್ನು ಎರಡು ಸಲ ಕೇಳಿಸುತ್ತಾರೆ. ಎರಡು ಮತ್ತು ಮೂರನ್ನು ಒಂದೇ ಸಲ. ಹಾಗಾಗಿ ನಡುವಿನ ಎರಡಕ್ಕೆ ಹೆಚ್ಚು ಅಭ್ಯಾಸ ಬೇಕು.

ಬಾಲದ ವಿಷಯ

ಒಂದನೇ ಭಾಗದಲ್ಲಿ ಪ್ರಕಟಣೆ, ಫೋನ್ ಸಂದೇಶದಂಥ ಚಿಕ್ಕ ತುಣುಕುಗಳು ಬರುತ್ತವೆ. ಈ ವಾಕ್ಯ ನೋಡಿ: "ಬಿಟ್ಟೆ ಶ್ಟೈಗೆನ್ ಝೀ ಇನ್ ಫುಲ್ಡಾ ಔಸ್." ಫುಲ್ಡಾ ಎಂಬ ಊರಿನಲ್ಲಿ ಇಳಿಯಿರಿ ಎಂದರ್ಥ. ಕೊನೆಯ "ಔಸ್" ತೆಗೆದು "ಉಮ್" ಹಾಕಿದರೆ ಫುಲ್ಡಾದಲ್ಲಿ ರೈಲು ಬದಲಿಸಿ ಎಂದಾಗುತ್ತದೆ. "ಐನ್" ಹಾಕಿದರೆ ಅಲ್ಲಿ ಹತ್ತಿ ಎಂದು. ಉಳಿದ ಒಂದು ಅಕ್ಷರವೂ ಬದಲಾಗಲ್ಲ. ಅರ್ಥವೆಲ್ಲ ಆ ಪುಟ್ಟ ಬಾಲದಲ್ಲಿದೆ.

ನಾನು ಎಡವಿದ್ದು ಇನ್ನೊಂದರಲ್ಲಿ. "ಇಷ್ ಝಾಗೆ ಡೆನ್ ಟೆರ್ಮೀನ್ ಆಮ್ ಡೊನರ್ಸ್‌ಟಾಗ್ ಅಪ್." ಝಾಗೆನ್ ಅಂದರೆ ಹೇಳು ಅಲ್ವಾ? ಯಾರೋ ಗುರುವಾರದ ಭೇಟಿಯ ಬಗ್ಗೆ ಹೇಳುತ್ತಿದ್ದಾರೆ ಅಂದುಕೊಂಡು, ಭೇಟಿ ಇದೆ ಎಂದು ಗುರುತು ಹಾಕಿಬಿಟ್ಟೆ. ಆದರೆ ಅಪ್‌ಝಾಗೆನ್ ಅಂದರೆ ರದ್ದು ಮಾಡು. "ಅಪ್" ಬರುವಷ್ಟರಲ್ಲಿ ನನ್ನ ಕಣ್ಣು ಮುಂದಿನ ಪ್ರಶ್ನೆಯ ಮೇಲಿತ್ತು.

ಕನ್ನಡದಲ್ಲಿ ನಾವು ಹೀಗೆ ಮಾಡಲ್ಲ. "ನಾನು ಗುರುವಾರ ನಿಮ್ಮನ್ನು ನೋಡೋಕೆ" ಅಂತ ಯಾರಾದರೂ ಶುರು ಮಾಡಿದರೆ, "ಬರ್ತೀನಿ"ಯೋ "ಬರಲ್ಲ"ವೋ ಕೇಳುವವರೆಗೆ ಕಾಯುತ್ತೇವೆ. ಕ್ರಿಯಾಪದ ಕೊನೆಗೆ ಬರುವುದು ನಮಗೆ ಹುಟ್ಟಿನಿಂದಲೇ ಅಭ್ಯಾಸ. ಜರ್ಮನ್‌ನಲ್ಲಿ ಮೋಸ ಹೋಗುವುದು ಇಲ್ಲೇ. ಸಾಮಾನ್ಯ ವಾಕ್ಯದಲ್ಲಿ ಕ್ರಿಯಾಪದದ ಮುಖ್ಯ ತುಂಡು ಎರಡನೇ ಜಾಗದಲ್ಲೇ ಬಂದುಬಿಡುತ್ತದೆ. ಅರ್ಥ ಸಿಕ್ಕಿತು ಎಂದು ಕಿವಿ ಸುಮ್ನಾಗುತ್ತದೆ. ಉಳಿದ ತುಂಡು ಕೊನೆಯಲ್ಲಿ ಬರುತ್ತದೆ. ಎಷ್ಟೋ ಸಲ "ನಿಷ್ಟ್", ಅಂದರೆ ಇಲ್ಲ ಅನ್ನುವ ಪದವೂ ಕೊನೆಗೇ ಬರುತ್ತದೆ: "ಇಷ್ ಕೊಮ್ಮೆ ಹೊಯ್ಟೆ ನಿಷ್ಟ್." ಇವತ್ತು ಬರಲ್ಲ. "ವೈಲ್" (ಏಕೆಂದರೆ), "ದಸ್" (ಎಂದು) ಇರುವ ಉಪವಾಕ್ಯಗಳಲ್ಲಿ ಇಡೀ ಕ್ರಿಯಾಪದವೇ ಕೊನೆಗೆ ಹೋಗುತ್ತದೆ. ವಿಚಿತ್ರ ಅಂದರೆ ಅವು ನನಗೆ ಸುಲಭ, ನಮ್ಮ ವಾಕ್ಯದ ಹಾಗೇ ಇವೆ.

ನಾನು ಮಾಡಿಕೊಂಡ ಉಪಾಯ: ದನಿ ಕೆಳಗಿಳಿದು ವಾಕ್ಯ ಮುಗಿಯುವವರೆಗೆ ಪೆನ್ಸಿಲ್ ಕಾಗದಕ್ಕೆ ತಾಗಿಸುವುದಿಲ್ಲ. ಜರ್ಮನಿಯ ಪ್ರಸಾರ ಸಂಸ್ಥೆ ಡಾಯ್ಚ ವೆಲೆಯಲ್ಲಿ ನಿಧಾನವಾಗಿ ಓದುವ ವಾರ್ತೆ ಇದೆ, ಬರಹವೂ ಸಿಗುತ್ತದೆ. ಮೊದಲು ಬರಹ ನೋಡದೆ ಕೇಳಿ ಪ್ರತಿ ವಾಕ್ಯದ ಕೊನೆಯ ಪದ ಮಾತ್ರ ಬರೆಯುತ್ತೇನೆ. ಆಮೇಲೆ ಬರಹದ ಜೊತೆ ಹೋಲಿಸುತ್ತೇನೆ. ದಿನಕ್ಕೆ ಹತ್ತು ವಾಕ್ಯ ಸಾಕು.

ಉಳಿದವು

ಗಂಟೆ: "ಹಾಲ್ಬ್ ಆಖ್ಟ್" ಅಂದರೆ ಏಳೂವರೆ, ಎಂಟೂವರೆ ಅಲ್ಲ. ಎಂಟರ ಕಡೆಗೆ ಅರ್ಧ ದಾರಿ ಎಂದು ನೆನಪಿಡಿ. ಸಂಖ್ಯೆ: 35 ಅನ್ನು ಐದು ಮತ್ತು ಮೂವತ್ತು ಎನ್ನುತ್ತಾರೆ, ಮೊದಲು ಕೇಳಿದ್ದನ್ನು ಬಲಕ್ಕೆ ಬರೆಯಿರಿ. ಫೋನಿನಲ್ಲಿ "ಟ್ಸ್ವೈ" ಬದಲು "ಟ್ಸ್ವೋ" ಅಂದರೂ ಅದು ಎರಡೇ.

ನಾಲ್ಕನೇ ಭಾಗ ಚರ್ಚೆ. ಯಾವ ಮಾತು ಯಾರದು ಎಂದು ಹೇಳಬೇಕು. ಶುರುವಿನಲ್ಲೇ ಮೂವರ ದನಿ ಗುರುತು ಮಾಡಿಕೊಳ್ಳಿ. ಪ್ರಶ್ನೆಯಲ್ಲಿರುವ ಪದವೇ ಕಿವಿಗೆ ಬಿದ್ದರೆ ತಕ್ಷಣ ನಂಬಬೇಡಿ. ಸರಿ ಉತ್ತರ ಹೆಚ್ಚಾಗಿ ಬೇರೆ ಪದಗಳಲ್ಲಿ ಬರುತ್ತದೆ.

ಕೊನೆಗೆ ಉತ್ತರ ಪತ್ರಿಕೆಗೆ ಇಳಿಸಲು 5 ನಿಮಿಷ ಕೊಡುತ್ತಾರೆ. ಕೇಳುವಾಗ ಪ್ರಶ್ನೆ ಪತ್ರಿಕೆಯಲ್ಲೇ ಗುರುತು ಹಾಕಿ.