ಡಿ-ಬಾಥಿಫಿಕೇಶನ್: ಇರಾಕಿನಲ್ಲಿ ದರ್ಜೆಯೇ ಅಪರಾಧವಾದ ಬಗೆ

ಇರಾಕಿನ ರಾಜಕೀಯದ ಸುದ್ದಿ ಓದುವವರಿಗೆ ‘ಡಿ-ಬಾಥಿಫಿಕೇಶನ್’ ಎಂಬ ಪದ ಮತ್ತೆ ಮತ್ತೆ ಎದುರಾಗುತ್ತದೆ. ಸದ್ದಾಂ ಹುಸೇನರ ಬಾಥ್ ಪಕ್ಷದವರನ್ನು ಸರ್ಕಾರಿ ಕೆಲಸದಿಂದ, ಸಾರ್ವಜನಿಕ ಜೀವನದಿಂದ ತೆಗೆದುಹಾಕುವುದು ಎಂದು ಒಂದೇ ಸಾಲಿನಲ್ಲಿ ಅರ್ಥ ಹೇಳಿಬಿಡಬಹುದು. ಆದರೆ ಯಾರನ್ನು ತೆಗೆದರು, ಯಾವ ಅಳತೆಗೋಲು ಹಿಡಿದು ತೆಗೆದರು, ವಿನಾಯಿತಿಯ ಸಹಿ ಯಾರ ಕೈಯಲ್ಲಿತ್ತು ಎಂಬುದನ್ನು ನೋಡದೆ ಈ ಪದ ಅರ್ಥವಾಗುವುದಿಲ್ಲ.

‘ಬಾಥ್’ ಎಂದರೆ ಅರಬ್ಬಿಯಲ್ಲಿ ಪುನರುತ್ಥಾನ. 1940ರ ದಶಕದಲ್ಲಿ ಸಿರಿಯಾದಲ್ಲಿ ಹುಟ್ಟಿದ ಈ ಪಕ್ಷ ಇರಾಕನ್ನು 1968ರಿಂದ 2003ರವರೆಗೆ ಸತತವಾಗಿ ಆಳಿತು. ಇಂಗ್ಲಿಷಿನಿಂದ ಬಂದ ಡಿ-ಬಾಥಿಫಿಕೇಶನ್ ಎಂಬ ಹೆಸರು ಎರಡನೇ ಮಹಾಯುದ್ಧದ ನಂತರ ಜರ್ಮನಿಯಲ್ಲಿ ನಡೆದ ‘ಡಿನಾಝಿಫಿಕೇಶನ್’ ಅನ್ನು ನೋಡಿ ಮಾಡಿದ್ದು. ಇರಾಕಿಗಳ ಬಾಯಲ್ಲಿ ಇದು ‘ಇಜ್ತಿಸಾಸ್ ಅಲ್-ಬಾಥ್’. ಇಜ್ತಿಸಾಸ್ ಎಂದರೆ ಬುಡಸಮೇತ ಕಿತ್ತೆಸೆಯುವುದು. ಒಂದು ಪದ ಕಚೇರಿಯ ಕಡತದಂತೆ ಕೇಳಿದರೆ, ಇನ್ನೊಂದರಲ್ಲಿ ಗುದ್ದಲಿಯ ಸದ್ದಿದೆ. ಸಹಿ ಮಾಡಿದವರಿಗೂ ಕೆಲಸ ಕಳೆದುಕೊಂಡವರಿಗೂ ಇದ್ದ ಅಂತರ ಈ ಎರಡು ಹೆಸರುಗಳಲ್ಲೇ ಕಾಣುತ್ತದೆ.

2003ರ ಏಪ್ರಿಲ್ 9ರಂದು ಬಾಗ್ದಾದ್ ಅಮೆರಿಕನ್ ಸೇನೆಯ ವಶವಾಯಿತು. ಮೇ 12ರಂದು ಪಾಲ್ ಬ್ರೆಮರ್ ಅಮೆರಿಕ ನೇತೃತ್ವದ ಮೈತ್ರಿಕೂಟದ ತಾತ್ಕಾಲಿಕ ಆಡಳಿತದ ಮುಖ್ಯಸ್ಥರಾಗಿ ಬಂದಿಳಿದರು. ನಾಲ್ಕೇ ದಿನಗಳಲ್ಲಿ, ಮೇ 16ರಂದು, ಬಾಥಿಗಳನ್ನು ಕೆಲಸದಿಂದ ತೆಗೆಯುವ ಆದೇಶ ಸಂಖ್ಯೆ 1 ಹೊರಬಿತ್ತು. ಅಮೆರಿಕ ಮತ್ತು ಬ್ರಿಟನ್ ಅನ್ನು ಆಕ್ರಮಿತ ದೇಶವನ್ನಾಳುವ ಶಕ್ತಿಗಳೆಂದು ಗುರುತಿಸಿದ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ 1483ನೇ ನಿರ್ಣಯ ಬಂದದ್ದು ಮೇ 22ರಂದು, ಅಂದರೆ ಆದೇಶವಾಗಿ ಆರು ದಿನಗಳ ನಂತರ.

ಹೊರಗಿನ ಸೇನೆಗೆ ಹೀಗೆ ಮಾಡುವ ಅಧಿಕಾರವಿದೆಯೇ? 1907ರ ಹೇಗ್ ನಿಯಮಾವಳಿಯ 43ನೇ ವಿಧಿಯ ಪ್ರಕಾರ, ತೀರಾ ಅಸಾಧ್ಯವಲ್ಲದಿದ್ದರೆ ಆ ದೇಶದ ಕಾನೂನುಗಳನ್ನೇ ಪಾಲಿಸಬೇಕು. 1949ರ ನಾಲ್ಕನೇ ಜಿನೀವಾ ಒಪ್ಪಂದದ 54ನೇ ವಿಧಿ ಸರ್ಕಾರಿ ಅಧಿಕಾರಿಗಳನ್ನು ಹುದ್ದೆಯಿಂದ ತೆಗೆಯುವ ಹಕ್ಕನ್ನು ಆಕ್ರಮಿಸಿದ ಶಕ್ತಿಗೆ ಉಳಿಸಿದೆ. ಹಾಗಾಗಿ ಕೆಲವರನ್ನು ತೆಗೆಯುವುದಕ್ಕೆ ಕಾನೂನಿನ ಆಧಾರವಿತ್ತು. ಮುಂದೆಂದೂ ಸರ್ಕಾರಿ ಕೆಲಸಕ್ಕೆ ಸೇರದಂತೆ ಒಂದಿಡೀ ವರ್ಗಕ್ಕೆ ಬಾಗಿಲು ಹಾಕುವುದು ಬೇರೆಯೇ ಪ್ರಶ್ನೆ, ಅದರ ಬಗ್ಗೆ ವಾದ ಇಂದಿಗೂ ಮುಗಿದಿಲ್ಲ.

ಆದೇಶದ ಒಳಗೆ ಎರಡು ಜರಡಿಗಳಿದ್ದವು. ಎಲ್ಲರ ಗಮನ ಮೊದಲನೆಯದರ ಮೇಲೆ ಹೋಗುತ್ತದೆ, ಎರಡನೆಯದು ಮಾಡಿದ ಹಾನಿ ಕಡಿಮೆಯೇನಲ್ಲ.

ಮೊದಲ ಜರಡಿ ಪಕ್ಷದ ದರ್ಜೆ. ಬಾಥ್ ಪಕ್ಷಕ್ಕೆ ಏಣಿಯಂಥ ರಚನೆ. ತಳದಲ್ಲಿ ‘ಮುಅಯ್ಯಿದ್’ ಎಂಬ ಬೆಂಬಲಿಗ, ಮೇಲೆ ‘ನಸೀರ್’, ಆಮೇಲೆ ಸದಸ್ಯತ್ವಕ್ಕೆ ಕಾದಿರುವ ‘ಮುರಶ್ಶಹ್’, ಅದರ ಮೇಲೆ ಪೂರ್ಣ ಸದಸ್ಯ, ಅಂದರೆ ‘ಉದ್ವ್’. ಅಲ್ಲಿಂದ ಮೇಲೆ ನಾಲ್ಕು ಮೆಟ್ಟಿಲು: ‘ಫಿರ್ಕಾ’ (ಗುಂಪು), ‘ಶುಅ್‌ಬಾ’ (ವಿಭಾಗ), ‘ಫರ್‌’ (ಶಾಖೆ), ತುದಿಯಲ್ಲಿ ‘ಕುತ್ರ್’, ಅಂದರೆ ಪ್ರಾದೇಶಿಕ ನಾಯಕತ್ವ. (ಅರಬ್ ಜಗತ್ತೆಲ್ಲ ಒಂದೇ ರಾಷ್ಟ್ರ ಎಂಬುದು ಪಕ್ಷದ ಸಿದ್ಧಾಂತ. ಹಾಗಾಗಿ ಇಡೀ ಇರಾಕ್ ಅವರಿಗೆ ಒಂದು ‘ಪ್ರದೇಶ’ ಮಾತ್ರ.) ಈ ಮೇಲಿನ ನಾಲ್ಕು ಮೆಟ್ಟಿಲಲ್ಲಿದ್ದವರೆಲ್ಲ ‘ಹಿರಿಯ ಸದಸ್ಯರು’ ಎಂದು ಆದೇಶ ಹೇಳಿತು. ಅವರು ಕೂಡಲೇ ವಜಾ, ಮುಂದೆಯೂ ಸರ್ಕಾರಿ ಕೆಲಸಕ್ಕೆ ನಿಷೇಧ.

ಎರಡನೇ ಜರಡಿ ಸರ್ಕಾರಿ ಹುದ್ದೆ. ಪ್ರತಿ ಸಚಿವಾಲಯ, ಅದರಡಿಯ ನಿಗಮ, ವಿಶ್ವವಿದ್ಯಾಲಯ, ಆಸ್ಪತ್ರೆಗಳಲ್ಲಿ ಆಡಳಿತದ ಮೇಲಿನ ಮೂರು ಹಂತದವರನ್ನೆಲ್ಲ ಸಂದರ್ಶಿಸಬೇಕು. ಅವರಲ್ಲಿ ಯಾರಾದರೂ ಬರೀ ‘ಉದ್ವ್’ ಆಗಿದ್ದರೂ ಹುದ್ದೆ ಹೋಯಿತು. ಒಂದು ಆಸ್ಪತ್ರೆಯ ಮೇಲ್ವಿಚಾರಕ ಪಕ್ಷದಲ್ಲಿ ಏನೂ ಅಲ್ಲದ ಸಾಮಾನ್ಯ ಸದಸ್ಯನಾದರೂ, ಆಡಳಿತದಲ್ಲಿ ಮೇಲಿದ್ದ ಕಾರಣಕ್ಕೆ ಮನೆಗೆ ಹೋಗಬೇಕಾಯಿತು.

ತೊಡಕೆಲ್ಲ ಫಿರ್ಕಾ ಮೆಟ್ಟಿಲಲ್ಲಿ. ಮೇಲಿನ ಮೂರು ಮೆಟ್ಟಿಲಲ್ಲಿ ಜನ ಕಡಿಮೆ, ಅಧಿಕಾರ ಹೆಚ್ಚು. ಫಿರ್ಕಾದಲ್ಲಿ ಮುಖ್ಯೋಪಾಧ್ಯಾಯರು, ವೈದ್ಯರು, ಎಂಜಿನಿಯರುಗಳು, ಪ್ರಾಧ್ಯಾಪಕರು ತುಂಬಿದ್ದರು. ಬಡ್ತಿ ಬೇಕಾದರೆ, ಮಕ್ಕಳಿಗೆ ಒಳ್ಳೆಯ ಕಾಲೇಜಿನ ಸೀಟು ಬೇಕಾದರೆ, ಪಕ್ಷದ ಏಣಿ ಹತ್ತಲೇಬೇಕಾದ ಕಾಲ ಅದು. ಅದೇ ದರ್ಜೆಯಲ್ಲಿ ನೆರೆಯವರ ಮೇಲೆ ವರದಿ ಬರೆದು ಅವರನ್ನು ಜೈಲಿಗೆ, ಸಾವಿಗೆ ಕಳಿಸಿದವರೂ ಇದ್ದರು, ಅದನ್ನು ಮರೆಯಬಾರದು. ಬಾಥ್ ಆಳ್ವಿಕೆಯಲ್ಲಿ ಮನೆಯವರನ್ನು ಕಳೆದುಕೊಂಡ ಕುರ್ದರು, ಶಿಯಾಗಳು ನ್ಯಾಯ ಕೇಳಿದ್ದು ಸರಿಯಾಗಿಯೇ ಇತ್ತು. ಆದರೆ ಬಡ್ತಿಗಾಗಿ ಏಣಿ ಹತ್ತಿದವರನ್ನೂ ವರದಿ ಬರೆದವರನ್ನೂ ಬೇರೆ ಮಾಡಿ ನೋಡುವ ಪ್ರಶ್ನೆಯೇ ಆದೇಶದಲ್ಲಿರಲಿಲ್ಲ. ‘ಏನು ಮಾಡಿದೆ?’ ಎಂದು ಕೇಳಬೇಕಾದ ಕಡೆ ಅದು ‘ಯಾವ ದರ್ಜೆ?’ ಎಂದು ಕೇಳಿತು.

ಜರ್ಮನಿಯ ಹೋಲಿಕೆ ಇಲ್ಲೇ ಮುರಿದುಬೀಳುತ್ತದೆ. ಅಲ್ಲಿ ಅಮೆರಿಕನ್ ವಲಯದಲ್ಲಿ 131 ಪ್ರಶ್ನೆಗಳ ನಮೂನೆ ತುಂಬಿಸಿಕೊಳ್ಳುತ್ತಿದ್ದರು. 1946ರ ಮಾರ್ಚ್‌ನ ಕಾನೂನಿನ ನಂತರ ಜರ್ಮನರೇ ಕೂರುವ ಸ್ಥಳೀಯ ಮಂಡಳಿಗಳು ಒಬ್ಬೊಬ್ಬರ ಕಡತ ನೋಡಿ ಮುಖ್ಯ ಅಪರಾಧಿಯಿಂದ ನಿರ್ದೋಷಿಯವರೆಗೆ ಐದು ವರ್ಗಗಳಲ್ಲಿ ಒಂದಕ್ಕೆ ಸೇರಿಸುತ್ತಿದ್ದವು. ಅದೂ ಸೊಗಸಾಗೇನೂ ನಡೆಯಲಿಲ್ಲ. ಕಡತಗಳ ರಾಶಿಯಡಿ ಮಂಡಳಿಗಳು ಸೋತವು, ದೊಡ್ಡ ತಪ್ಪಿತಸ್ಥರು ಎಷ್ಟೋ ಮಂದಿ ‘ಬರೀ ಹಿಂಬಾಲಕ’ ಎನಿಸಿಕೊಂಡು ಪಾರಾದರು. ಆದರೂ ತನ್ನ ಮಾತು ಹೇಳಿಕೊಳ್ಳಲು ಅಲ್ಲೊಂದು ಜಾಗವಿತ್ತು. ಇರಾಕಿನಲ್ಲಿ ವಜಾ ಮೊದಲು, ವಿಚಾರಣೆ ಆಮೇಲೆ.

ವಿನಾಯಿತಿ ಕೊಡುವ ಅಧಿಕಾರ ಬ್ರೆಮರ್ ಅವರಲ್ಲಿತ್ತು, ಅದೂ ಒಂದೊಂದೇ ಪ್ರಕರಣ ನೋಡಿ. ಶಾಲೆಗಳು ನಡೆಯಬೇಕು, ವಿದ್ಯುತ್ ಬರಬೇಕು, ಆದರೆ ಅದನ್ನು ನಡೆಸಬಲ್ಲವರ ಅರ್ಜಿ ಬಾಗ್ದಾದಿನ ಮೇಜಿನ ಮೇಲೆ ಕಾಯುತ್ತಿತ್ತು. ಮೋಸುಲ್‌ನಲ್ಲಿ 101ನೇ ಏರ್‌ಬೋರ್ನ್ ಡಿವಿಷನ್‌ನ ಮುಖ್ಯಸ್ಥ ಡೇವಿಡ್ ಪೆಟ್ರಾಯಸ್ ಅನುಮತಿ ಪಡೆದು, ವಿಶ್ವವಿದ್ಯಾಲಯದ ಅಧ್ಯಾಪಕರು ಆ ಶೈಕ್ಷಣಿಕ ವರ್ಷ ಮುಗಿಸುವಂತೆ ನೋಡಿಕೊಂಡರು. ಇಂಥ ಜಾಣತನ ಎಲ್ಲ ಕಡೆ ಇರಲಿಲ್ಲ.

ಹಲವರು ಇದನ್ನು ಸೇನೆಯ ವಿಸರ್ಜನೆಯೊಂದಿಗೆ ಬೆರೆಸಿಬಿಡುತ್ತಾರೆ. ಅದು ಬೇರೆ ಆದೇಶ: ಸಂಖ್ಯೆ 2, ಮೇ 23. ಸೇನೆ, ರಕ್ಷಣಾ ಸಚಿವಾಲಯ, ಗುಪ್ತಚರ ಸಂಸ್ಥೆಗಳು ಅದರಿಂದ ರದ್ದಾದವು. ಎರಡಕ್ಕೂ ಇದ್ದ ಕೊಂಡಿ ಒಂದೇ, ಆದರೆ ಬಹಳ ಮುಖ್ಯವಾದದ್ದು: ಕರ್ನಲ್ ಮತ್ತು ಮೇಲಿನ ಶ್ರೇಣಿಯವರನ್ನೆಲ್ಲ ‘ಹಿರಿಯ ಸದಸ್ಯರು’ ಎಂದೇ ಭಾವಿಸಲಾಗುವುದು, ಅಲ್ಲವೆಂದು ತೋರಿಸುವ ಹೊಣೆ ಅವರದ್ದೇ. ಅವರಿಗೆ ಬಿಡುಗಡೆಯ ಹಣವೂ ಇಲ್ಲ, ಪಿಂಚಣಿಯೂ ಇಲ್ಲ. ಆಯುಧ ಬಲ್ಲವರನ್ನು ಸಂಬಳವಿಲ್ಲದೆ ಬೀದಿಗೆ ಬಿಟ್ಟಂತಾಯಿತು. ಜೂನ್‌ನಲ್ಲಿ ಪ್ರತಿಭಟನೆಗಳು ನಡೆದ ಮೇಲೆ ಮಾಜಿ ಸೈನಿಕರಿಗೆ ಮಾಸಿಕ ಭತ್ಯೆ ಘೋಷಣೆಯಾಯಿತು, ಹಿರಿಯ ಬಾಥಿಗಳನ್ನು ಬಿಟ್ಟು. ಮುಂದೆ ಐಸಿಸ್ ಸಂಘಟನೆಯ ಸೂತ್ರಧಾರರಲ್ಲಿ ಒಬ್ಬನಾದ ಹಾಜಿ ಬಕ್ರ್ ಸದ್ದಾಂ ಸೇನೆಯ ಮಾಜಿ ಕರ್ನಲ್. ಹಾಗೆಂದು ದಂಗೆಯೆಲ್ಲ ಈ ಎರಡು ಆದೇಶಗಳಿಂದಲೇ ಹುಟ್ಟಿತು ಎನ್ನುವುದು ಅತಿಯಾಯಿತು. ದಂಗೆಗೆ ಆಕ್ರಮಣವೇ ಒಂದು ಕಾರಣ, ಪಂಥಗಳ ಭಯ ಇನ್ನೊಂದು. ಆದೇಶಗಳು ಅದಕ್ಕೆ ತರಬೇತಾದ ಆಳುಗಳನ್ನು ಒದಗಿಸಿದವು.

ಎಷ್ಟು ಜನ ಕೆಲಸ ಕಳೆದುಕೊಂಡರು? ಬ್ರೆಮರ್ ಹೇಳಿದ್ದು ಪಕ್ಷದ ಸದಸ್ಯರಲ್ಲಿ ಶೇ 1ರಷ್ಟು, ಸುಮಾರು 20,000. ಇತರ ಅಂದಾಜುಗಳು ಇದಕ್ಕಿಂತ ಬಹಳ ಮೇಲೆ ಹೋಗುತ್ತವೆ. ಯಾವುದೇ ಸಂಖ್ಯೆ ಓದಿದರೂ ಅದರಲ್ಲಿ ಎರಡನೇ ಜರಡಿಯವರೂ ಸೈನಿಕರೂ ಸೇರಿದ್ದಾರೆಯೇ ಎಂದು ನೋಡಿಕೊಳ್ಳಬೇಕು.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ತಪ್ಪು ನಡೆದದ್ದು ಮೇ ತಿಂಗಳಲ್ಲಲ್ಲ, ನವೆಂಬರ್‌ನಲ್ಲಿ. 2003ರ ನವೆಂಬರ್ 4ರ ಜ್ಞಾಪನ ಸಂಖ್ಯೆ 7ರ ಮೂಲಕ ಇಡೀ ಕೆಲಸವನ್ನು ಇರಾಕಿ ಆಡಳಿತ ಮಂಡಳಿಗೆ, ಅಂದರೆ ಮೈತ್ರಿಕೂಟ ನೇಮಿಸಿದ್ದ ಇರಾಕಿ ನಾಯಕರ ಮಂಡಳಿಗೆ, ವಹಿಸಲಾಯಿತು. ಅಲ್ಲಿ ಈ ಕೆಲಸಕ್ಕಿದ್ದ ಡಿ-ಬಾಥಿಫಿಕೇಶನ್ ಆಯೋಗದ ಚುಕ್ಕಾಣಿ ಹಿಡಿದವರು ವರ್ಷಗಟ್ಟಲೆ ದೇಶದ ಹೊರಗಿದ್ದ ಅಹ್ಮದ್ ಚಲಾಬಿ. ಯಾರನ್ನು ಹೊರಗಿಡಬೇಕು, ಯಾರಿಗೆ ವಿನಾಯಿತಿ ಎಂಬ ತೀರ್ಮಾನ, ಚುನಾವಣೆಯಲ್ಲಿ ತನಗೇ ಎದುರಾಳಿಯಾಗಬಲ್ಲವರ ಮೇಲೆ ಹಿಡಿತ ಬಯಸುವ ರಾಜಕಾರಣಿಯ ಕೈಗೆ ಹೋಯಿತು. ಈ ಹಸ್ತಾಂತರದ ಬಗ್ಗೆ ಬ್ರಿಟನ್‌ಗೆ ಸಕಾರಣವಾದ ಅನುಮಾನಗಳಿದ್ದರೂ ಅದು ಸುಮ್ಮನಿತ್ತು ಎಂದು, ಇರಾಕ್ ಯುದ್ಧದಲ್ಲಿ ಬ್ರಿಟನ್ನಿನ ಪಾತ್ರವನ್ನು ತನಿಖೆ ಮಾಡಿದ 2016ರ ಚಿಲ್ಕಾಟ್ ವರದಿ ಹೇಳಿದೆ. 2004ರ ಏಪ್ರಿಲ್‌ನಲ್ಲಿ ಬ್ರೆಮರ್ ಅವರೇ ನೀತಿಯ ಜಾರಿ ಸರಿಯಾಗಿ ನಡೆದಿಲ್ಲವೆಂದು ಒಪ್ಪಿಕೊಂಡರು. ಎರಡು ತಿಂಗಳಲ್ಲಿ, ಜೂನ್ 28ರಂದು, ಅಧಿಕಾರ ಹಸ್ತಾಂತರಿಸಿ ಅವರು ಹೊರಟುಹೋದರು. ಆಯೋಗ ಉಳಿಯಿತು.

2008ರಲ್ಲಿ ಹೊಸ ಕಾನೂನು ಬಂದು ಹೆಸರು ಬದಲಾಯಿತು: ‘ಅಲ್-ಮುಸಾಅಲಾ ವಲ್-ಅದಾಲಾ’, ಲೆಕ್ಕ ಕೇಳುವುದು ಮತ್ತು ನ್ಯಾಯ. ಫಿರ್ಕಾದವರಿಗೆ ಕೆಲಸಕ್ಕೆ ಮರಳುವ ದಾರಿ ತೆರೆಯಿತು, ಶುಅ್‌ಬಾದವರಿಗೆ ಪಿಂಚಣಿಯೊಂದಿಗೆ ನಿವೃತ್ತಿ ದೊರೆಯಿತು, ಮೇಲ್ಮನವಿಗೆ ಏಳು ನ್ಯಾಯಾಧೀಶರ ಪೀಠ ಬಂತು. ಕಾಗದದ ಮೇಲೆ ಇದು ಒಳ್ಳೆಯ ತಿದ್ದುಪಡಿ. ಆದರೆ ಹೊಸ ಆಯೋಗದ ಸದಸ್ಯರ ನೇಮಕಕ್ಕೆ ಸಂಸತ್ತಿನ ಒಪ್ಪಿಗೆ ಸಿಗದೆ ಹಳಬರೇ ಮುಂದುವರಿದರು. 2010ರ ಜನವರಿಯಲ್ಲಿ, ಮಾರ್ಚ್ 7ರ ಚುನಾವಣೆಯ ಹೊಸ್ತಿಲಲ್ಲಿ, ಅವರು 511 ಅಭ್ಯರ್ಥಿಗಳನ್ನು ಅನರ್ಹಗೊಳಿಸಿದರು. ಪಟ್ಟಿ ಮಾಡಿದ ಆಯೋಗದ ಮುಖ್ಯಸ್ಥ ಅಲಿ ಅಲ್-ಲಾಮಿ ಅದೇ ಚುನಾವಣೆಯಲ್ಲಿ ಸ್ವತಃ ಅಭ್ಯರ್ಥಿ. ಹೊರಬಿದ್ದವರಲ್ಲಿ ಸುನ್ನಿ ನಾಯಕ ಸಾಲೆಹ್ ಅಲ್-ಮುತ್ಲಕ್ ಒಬ್ಬರು. ಚುನಾವಣೆಯಲ್ಲಿ ಅವರ ಇರಾಕಿಯಾ ಕೂಟ 91, ಪ್ರಧಾನಿ ನೂರಿ ಅಲ್-ಮಾಲಿಕಿ ಅವರ ಕೂಟ 89 ಸ್ಥಾನ ಗೆದ್ದವು. ಸರ್ಕಾರ ರಚನೆಯ ಚೌಕಾಸಿ ಮುಗಿಯುವ ಹೊತ್ತಿಗೆ, ಡಿಸೆಂಬರ್‌ನಲ್ಲಿ, ಸಂಸತ್ತು ಮುತ್ಲಕ್ ಮೇಲಿನ ನಿಷೇಧ ತೆಗೆಯಿತು, ಅವರು ಉಪಪ್ರಧಾನಿಯಾದರು. ಜನವರಿಯಲ್ಲಿ ಸ್ಪರ್ಧಿಸಲೂ ಅನರ್ಹ, ಡಿಸೆಂಬರ್‌ನಲ್ಲಿ ಉಪಪ್ರಧಾನಿ. ನಡುವೆ ಅವರ ಬಗ್ಗೆ ಹೊಸ ಸಾಕ್ಷ್ಯವೇನೂ ಬಂದಿರಲಿಲ್ಲ.

2005ರ ಸಂವಿಧಾನದ 7ನೇ ವಿಧಿ ಬಾಥ್ ಪಕ್ಷವನ್ನು ನಿಷೇಧಿಸುತ್ತದೆ. 135ನೇ ವಿಧಿ ಆಯೋಗವನ್ನು ಉಳಿಸಿ, ಕೆಲಸ ಮುಗಿದ ಮೇಲೆ ಸಂಸತ್ತು ಅದನ್ನು ವಿಸರ್ಜಿಸಬಹುದು ಎನ್ನುತ್ತದೆ. ಆ ವಿಸರ್ಜನೆ ಇನ್ನೂ ಆಗಿಲ್ಲ. ಸಂಸತ್ ಚುನಾವಣೆ ಬಂದಾಗಲೆಲ್ಲ ಅಭ್ಯರ್ಥಿಗಳ ಹೆಸರು ಮೊದಲು ಈ ಆಯೋಗದ ಕಡತಗಳೊಂದಿಗೆ ತಾಳೆಯಾಗಬೇಕು.