ಕಿವಿ ಕೇಳದವರು ಮಾಡಿದ ಉಕುಲೆಲೆ

ಹವಾಯಿಯ ಹೊನೊಲುಲು ನಗರದಲ್ಲಿ ಕಮಾಕ ಮನೆತನದವರ ಒಂದು ಕಾರ್ಖಾನೆ ಇದೆ. 1916ರಿಂದ ಅವರದು ಒಂದೇ ಕಸುಬು. ಉಕುಲೆಲೆ ಮಾಡುವುದು. ಉಕುಲೆಲೆ ಅಂದರೆ ನಾಲ್ಕು ತಂತಿಯ, ಗಿಟಾರಿನ ಪುಟ್ಟ ತಂಗಿಯಂಥ, ಎದೆಗವಚಿಕೊಂಡು ನುಡಿಸುವ ವಾದ್ಯ. ಈ ಕಾರ್ಖಾನೆಯಲ್ಲಿ ಹಲವು ದಶಕ ಕಿವಿ ಕೇಳದ ಕೆಲಸಗಾರರು ದುಡಿದಿದ್ದಾರೆ. ಮರದ ಹಲಗೆಯನ್ನು ಬೆರಳಿನಿಂದ ತಟ್ಟಿ, ಅದರ ನಡುಕ ನೋಡಿ, ಇನ್ನೂ ಎಷ್ಟು ತೆಳ್ಳಗಾಗಬೇಕು ಅಂತ ಹೇಳುವುದರಲ್ಲಿ ಅವರದು ಎತ್ತಿದ ಕೈ.

ಇದನ್ನು ಮೊದಲು ಓದಿದಾಗ ನನಗೆ ನಂಬಿಕೆಯೇ ಬರಲಿಲ್ಲ. ವಾದ್ಯ ಮಾಡುವವರಿಗೆ ಕಿವಿಯೇ ಬೇಡವಾ?

ಆ ಪ್ರಶ್ನೆಗೆ ಹೋಗುವ ಮೊದಲು ವಾದ್ಯದ ಊರು ಕೇರಿ ಸ್ವಲ್ಪ ಹೇಳಿಬಿಡುತ್ತೇನೆ. 1879ರ ಆಗಸ್ಟ್ 23ರಂದು ರೇವನ್ಸ್‌ಕ್ರಾಗ್ ಅನ್ನುವ ಹಡಗು ಹೊನೊಲುಲುವಿಗೆ ಬಂತು. ಅದರಲ್ಲಿ ಪೋರ್ಚುಗಲ್ಲಿನ ಮಡೈರಾ ದ್ವೀಪದ ನಾನೂರಕ್ಕೂ ಜಾಸ್ತಿ ಜನ ಇದ್ದರು. ಕಬ್ಬಿನ ತೋಟದ ಕೂಲಿಗೆ ಬಂದವರು. ಅವರಲ್ಲಿ ಮೂವರು ಮರಗೆಲಸದವರು: ಮ್ಯಾನುಯೆಲ್ ನುನೆಸ್, ಅಗಸ್ಟೊ ಡಿಯಾಸ್, ಜೋಸೆ ಡು ಎಸ್ಪಿರಿಟೊ ಸಾಂಟೊ. ತಮ್ಮೂರಿನ ಮಶೆಟ್ ಅನ್ನುವ ಪುಟ್ಟ ವಾದ್ಯದ ಆಕಾರ, ರಜಾವ್ ಅನ್ನುವ ಇನ್ನೊಂದರ ಶ್ರುತಿ, ಹವಾಯಿಯ ಕೋವಾ ಮರ ಎಲ್ಲ ಸೇರಿಸಿ ಅವರು ಉಕುಲೆಲೆ ಮಾಡಿದರು. ಹವಾಯಿ ಭಾಷೆಯಲ್ಲಿ ‘ಉಕು’ ಅಂದರೆ ಚಿಗಟ, ‘ಲೆಲೆ’ ಅಂದರೆ ಜಿಗಿಯುವುದು. ನುಡಿಸುವವರ ಬೆರಳು ತಂತಿಯ ಮೇಲೆ ಹಾಗೆ ಜಿಗಿಯುತ್ತಿತ್ತಂತೆ. ಆಮೇಲೆ ನುನೆಸರ ಹತ್ತಿರ ಕೆಲಸ ಕಲಿತವರೇ ಸ್ಯಾಮ್ಯುಯೆಲ್ ಕಮಾಕ. ಅನಾನಸ್ ಆಕಾರದ ಉಕುಲೆಲೆ ಅವರದೇ ಕಲ್ಪನೆ. 1928ರಲ್ಲಿ ಅದಕ್ಕೆ ಪೇಟೆಂಟ್ ಕೂಡ ಸಿಕ್ಕಿತು. 1953ರಲ್ಲಿ ಅವರು ತೀರಿಕೊಂಡಾಗ ಮಗ ಕೀಟಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದರು. ಅದನ್ನು ಬಿಟ್ಟು ಬಂದು ಕಾರ್ಖಾನೆ ನೋಡಿಕೊಂಡರು. ಚಿಗಟದ ಹೆಸರಿನ ವಾದ್ಯಕ್ಕೆ ಕೀಟಶಾಸ್ತ್ರದವರು! ಕತೆಗಾರ ಕಟ್ಟಿದ್ದರೆ ಇದು ಜಾಸ್ತಿಯಾಯಿತು ಅನ್ನುತ್ತಿದ್ದೆವು.

ಕೋವಾ ಮರ ಹವಾಯಿ ಬಿಟ್ಟರೆ ಬೇರೆಲ್ಲೂ ತಾನಾಗಿ ಬೆಳೆಯುವುದಿಲ್ಲ. ಆದರೆ ಅದರ ದಾಯಾದಿ ನಮಗೆ ಚೆನ್ನಾಗಿ ಗೊತ್ತು. ಮಲೆನಾಡು, ಕರಾವಳಿಯಲ್ಲಿ ನೆಡುತೋಪು ಮಾಡಿ ಎಲ್ಲರಿಂದ ಬೈಸಿಕೊಂಡ ಅಕೇಶಿಯಾ ಇದೆಯಲ್ಲ, ಅದೇ ಕುಲ. ಕುಡುಗೋಲಿನಂಥ ಎಲೆಯೂ ಹೆಚ್ಚು ಕಡಿಮೆ ಹಾಗೇ.

ಈಗ ಹಲಗೆಯ ವಿಚಾರ. ತಂತಿಯೊಂದನ್ನೇ ಗಾಳಿಯಲ್ಲಿ ಬಿಗಿದು ಮೀಟಿದರೆ ಸದ್ದು ಕೇಳಿಸುವುದೇ ಕಷ್ಟ. ಕಡ್ಡಿಯಿಂದ ಗಾಳಿ ಬೀಸಿಕೊಂಡ ಹಾಗೆ. ಗಾಳಿ ಅಲ್ಲಾಡಬೇಕಾದರೆ ಬೀಸಣಿಗೆ ಬೇಕು. ವಾದ್ಯದಲ್ಲಿ ಆ ಬೀಸಣಿಗೆ ಮೇಲಿನ ಹಲಗೆ. ತಂತಿಯ ನಡುಕ ಕುದುರೆಯ ಮೂಲಕ ಹಲಗೆಗೆ ಇಳಿಯುತ್ತದೆ. (ವೀಣೆಯಲ್ಲಿ ತಂತಿ ಕೂರುವ ಜಾಗಕ್ಕೆ ಕುದುರೆ ಅಂತಾರೆ. ಇಲ್ಲೂ ಅದೇ ಹೆಸರು ಸಾಕು.) ಹಲಗೆ ಅಲುಗಿ ಗಾಳಿಯನ್ನು ತಳ್ಳುತ್ತದೆ. ಒಂದು ಬೆರಳಿನ ಮೀಟಿನಲ್ಲಿ ಇರುವ ಶಕ್ತಿಯೋ ಬಹಳ ಕಡಿಮೆ. ಹಲಗೆ ದಪ್ಪವಾಗಿದ್ದರೆ ಅದನ್ನು ಅಲುಗಿಸುವುದರಲ್ಲೇ ಸುಸ್ತು. ತೀರಾ ತೆಳ್ಳಗಾದರೆ ತಂತಿಗಳು ಹಗಲೂ ರಾತ್ರಿ ಎಳೆದು ಎಳೆದು ಹಲಗೆಯೇ ಉಬ್ಬುತ್ತದೆ, ಸೀಳುತ್ತದೆ.

ನಾನು ಮೊದಲು ಕೊಂಡದ್ದು ಆನ್‌ಲೈನಿನಲ್ಲಿ ಸಿಕ್ಕ ಅಗ್ಗದ ಪ್ಲೈವುಡ್ಡಿನ ಉಕುಲೆಲೆ. ಬಣ್ಣ ಚೆನ್ನಾಗಿತ್ತು. ತಟ್ಟಿದರೆ ಪುಸ್ತಕದ ರಟ್ಟು ತಟ್ಟಿದ ಹಾಗೆ ‘ಡಬ್’ ಅಂತಿತ್ತು, ಅಷ್ಟೇ. ಮುರಿಯುವ ಭಯದಿಂದ ದಪ್ಪ ಹಲಗೆ ಹಾಕಿದ್ದರು ಅಂತ ಆಮೇಲೆ ತಿಳಿಯಿತು.

ಒಳ್ಳೆಯ ಉಕುಲೆಲೆಯ ಹಲಗೆ ಸುಮಾರು 2 ಮಿಲಿಮೀಟರ್. ಅದರಿಂದ 0.2 ಮಿ.ಮೀ. ಉಜ್ಜಿ ತೆಗೆದೆವು ಅಂದುಕೊಳ್ಳಿ. ಎರಡು ಹಾಳೆ ಕಾಗದದಷ್ಟು. ತೂಕ ಇಳಿಯುವುದು ನೂರಕ್ಕೆ 10 ಪಾಲು. ಬಿಗಿ ಮಾತ್ರ ನೂರಕ್ಕೆ 27 ಪಾಲು ಇಳಿಯುತ್ತದೆ! ಬಾಗಿಸುವುದಕ್ಕೆ ಹಲಗೆ ಒಡ್ಡುವ ಬಿಗಿ ಅದರ ದಪ್ಪದ ಘನಕ್ಕೆ ತಕ್ಕಂತೆ ಏರಿಳಿಯುವುದೇ ಇದಕ್ಕೆ ಕಾರಣ. 0.9ನ್ನು ಮೂರು ಸಲ ಗುಣಿಸಿದರೆ 0.729 ಬರುತ್ತದೆ. ಒಳಗಡೆ ಆಸರೆಗೆಂದು ಹಾಕುವ ಮರದ ಪಟ್ಟಿಗಳನ್ನು ಇನ್ನೂ ಅಂಟಿಸದ ಬರೀ ಹಲಗೆಯನ್ನು ತಟ್ಟಿದಾಗ ಬರುವ ಸ್ವರವೂ ಹೆಚ್ಚು ಕಡಿಮೆ ‘ರಿ’ಯಿಂದ ‘ಸ’ಕ್ಕೆ ಇಳಿದಷ್ಟು ಇಳಿಯುತ್ತದೆ. ಎರಡು ಹಾಳೆಗೆ ಇಷ್ಟು ವ್ಯತ್ಯಾಸ.

ಹಾಗಾದರೆ 1.8 ಮಿ.ಮೀ. ಅಂತ ಯಂತ್ರಕ್ಕೆ ಹೇಳಿಬಿಟ್ಟರೆ ಆಯ್ತಲ್ವಾ? ಅಳತೆ ಹಿಡಿಯುವುದರಲ್ಲಿ ಯಂತ್ರವನ್ನು ಮೀರಿಸುವವರಿಲ್ಲ. ತೊಂದರೆ ಇರುವುದು ಮರದಲ್ಲಿ. ಮರ ತನ್ನ ನಾರಿನ ಎಳೆಗಳ ಉದ್ದಕ್ಕೆ ಬಿಗಿ, ಅಡ್ಡಕ್ಕೆ ಅದಕ್ಕಿಂತ ಎಷ್ಟೋ ಪಟ್ಟು ಮೆತ್ತಗೆ. ಒಂದೇ ದಿಮ್ಮಿಯ ಎರಡು ಹಲಗೆಗಳೂ ಒಂದೇ ತರ ಇರುವುದಿಲ್ಲ. ಕೋವಾದಲ್ಲಂತೂ ಜನ ಇಷ್ಟಪಡುವ ಆ ಸುರುಳಿ ಸುರುಳಿ ಮಿಂಚು ಇರುತ್ತದೆ. ಅದು ಬರುವುದೇ ಎಳೆ ಅಡ್ಡಾದಿಡ್ಡಿ ಓಡಿದ್ದರಿಂದ. ಕಣ್ಣಿಗೆ ಚೆಂದ ಕಾಣುವ ಹಲಗೆ ಬಿಗಿಯಲ್ಲಿ ಹಿಂದೆ ಬೀಳಬಹುದು. ಒಂದು ಹಲಗೆಗೆ 1.8 ಸರಿಯಾದರೆ ಪಕ್ಕದ್ದಕ್ಕೆ 2.1 ಬೇಕಾದೀತು. ಅದಕ್ಕೇ ಕೈಯಿಂದ ಮಾಡುವವರು ಸ್ವಲ್ಪ ಉಜ್ಜುತ್ತಾರೆ, ತಟ್ಟುತ್ತಾರೆ, ಬಾಗಿಸಿ ನೋಡುತ್ತಾರೆ, ಮತ್ತೆ ಉಜ್ಜುತ್ತಾರೆ. ನಿಲ್ಲಿಸಬೇಕಾದ ಗಳಿಗೆ ದಾಟಿದರೆ ಹಲಗೆ ಹೋಯಿತು. ಉಜ್ಜಿದ್ದನ್ನು ವಾಪಸ್ ಅಂಟಿಸುವುದಕ್ಕೆ ಆಗುವುದಿಲ್ಲ.

ಬೆರಳಿಗೆ ಇದೆಲ್ಲ ಹೇಗೆ ಗೊತ್ತಾಗುತ್ತದೆ? ನಮ್ಮ ಅಂಗೈ, ಬೆರಳುಗಳ ಚರ್ಮದ ಆಳದಲ್ಲಿ ಪಸೀನಿಯನ್ ಕಾರ್ಪಸಲ್ ಅನ್ನುವ ಸಣ್ಣ ಉಂಡೆಗಳಿವೆ. ಉದ್ದ ಸುಮಾರು ಒಂದು ಮಿಲಿಮೀಟರ್. ಕತ್ತರಿಸಿ ನೋಡಿದರೆ ಈರುಳ್ಳಿಯ ಹಾಗೆ ಪದರ ಪದರ, ನಡುವೆ ಒಂದು ನರದ ತುದಿ. ಇವಕ್ಕೆ ಗೊತ್ತಾಗುವುದು ನಡುಕ ಮಾತ್ರ. ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತ ಕಡಿಮೆ ಅಲುಗಿದರೂ ಇವು ಎಚ್ಚರಗೊಳ್ಳುತ್ತವೆ. ಅವುಗಳ ಸೂಕ್ಷ್ಮ ಜಾಸ್ತಿ ಇರುವುದು ಸೆಕೆಂಡಿಗೆ 200ರಿಂದ 300 ಸಲ ನಡುಗುವ ವಸ್ತುಗಳಿಗೆ. ಈಗ ಉಕುಲೆಲೆಯ ತಂತಿಗಳನ್ನು ನೋಡಿ. ಎಲ್ಲಕ್ಕಿಂತ ಕೆಳಗಿನ ಸ್ವರದ ತಂತಿ ಸೆಕೆಂಡಿಗೆ ಸುಮಾರು 262 ಸಲ ನಡುಗುತ್ತದೆ, ಮಿಕ್ಕವು 330, 392, 440 ಸಲ. ಬೆರಳಿನ ‘ಕಿವಿ’ ಚುರುಕಾಗಿರುವ ಜಾಗಕ್ಕೇ ಈ ಪುಟ್ಟ ವಾದ್ಯ ಬಂದು ಕೂತಿದೆ!

ಚರ್ಮಕ್ಕೆ ‘ರಿ’ ಯಾವುದು, ‘ಗ’ ಯಾವುದು ಅಂತ ಕಿವಿಯಷ್ಟು ನಾಜೂಕಾಗಿ ಬೇರೆ ಮಾಡುವುದು ಬರುವುದಿಲ್ಲ, ನಿಜ. ಆದರೆ ನಡುಕ ಎಷ್ಟು ಜೋರಾಗಿದೆ, ಎಷ್ಟು ಹೊತ್ತು ಉಳಿಯಿತು, ಎಲ್ಲಿ ಸತ್ತಿತು ಅನ್ನುವುದು ಅದಕ್ಕೆ ಚೆನ್ನಾಗಿ ತಿಳಿಯುತ್ತದೆ. ಹಲಗೆ ಹದ ಮಾಡುವವರಿಗೆ ಬೇಕಾದದ್ದೂ ಬಹುಪಾಲು ಅದೇ. 1998ರಲ್ಲಿ ಫಿನ್ಲೆಂಡಿನ ಸಂಶೋಧಕರು ಹುಟ್ಟಿನಿಂದಲೇ ಕಿವಿ ಕೇಳದ ಒಬ್ಬರ ಅಂಗೈ, ಬೆರಳುಗಳಿಗೆ ನಡುಕ ಕೊಟ್ಟು ಮಿದುಳನ್ನು ಗಮನಿಸಿದರು. ಸದ್ದು ಕೇಳಿಸಿಕೊಳ್ಳುವುದಕ್ಕೆಂದು ಇರುವ ಭಾಗ ಚುರುಕಾಗಿತ್ತು. ಸದ್ದಿಗಾಗಿ ಸುಮ್ನೆ ಕಾಯುತ್ತಾ ಕೂರದೆ ಆ ಜಾಗ ಬೆರಳಿನ ಸುದ್ದಿಯನ್ನು ತೆಗೆದುಕೊಂಡಿತ್ತು.

ಗಡಗಡ ಅನ್ನುವ ಯಂತ್ರಗಳ ನಡುವೆ, ಕಿವಿ ಕೇಳುವವರು ಹಲಗೆಯ ಸಣ್ಣ ದನಿಗಾಗಿ ಕಿವಿಗೊಟ್ಟು ಒದ್ದಾಡುತ್ತಿರುವಾಗ, ಪಕ್ಕದಲ್ಲಿ ಒಬ್ಬರು ಏನೂ ಆಗದವರ ಹಾಗೆ ಹಲಗೆ ತಟ್ಟಿ, ತಲೆಯಾಡಿಸಿ, ಇನ್ನೆರಡು ಸಲ ಉಪ್ಪುಕಾಗದ ಎಳೆಯುವುದನ್ನು ಊಹಿಸಿಕೊಂಡರೆ ನನಗೆ ಖುಷಿಯಾಗುತ್ತದೆ.

ಮನೆಯಲ್ಲಿ ಗಿಟಾರೋ ತಂಬೂರಿಯೋ ಇದ್ದರೆ ಹೀಗೆ ಮಾಡಿ. ಕಿವಿಗೆ ಹತ್ತಿ ತುರುಕಿಕೊಂಡು, ಯಾರಿಗಾದರೂ ತಂತಿ ಮೀಟೋಕೆ ಹೇಳಿ. ನಿಮ್ಮ ಬೆರಳನ್ನು ಕುದುರೆಯ ಪಕ್ಕ ಹಗುರವಾಗಿ ಇಡಿ. ನಿಧಾನವಾಗಿ ಅಂಚಿನ ಕಡೆ ಸರಿಸುತ್ತಾ ಹೋಗಿ. ಬೆರಳಿನ ಕೆಳಗಿನ ಝುಮ್ಮು ಒಂದೊಂದು ಕಡೆ ಒಂದೊಂದು ತರ ಇರುತ್ತದೆ, ಹಲಗೆ ಪಕ್ಕೆಗೆ ಅಂಟಿಕೊಂಡ ಜಾಗಕ್ಕೆ ಬರುವಷ್ಟರಲ್ಲಿ ಹೆಚ್ಚು ಕಡಿಮೆ ನಿಂತೇ ಹೋಗಿರುತ್ತದೆ.